ಮ್ಯಾಟ್ರಿಕ್ಸ್ ರೀಲೋಡೆಡ್ ಸೋತಿದ್ದು ಎಲ್ಲಿ? ಕಂಪ್ಯೂಟರ್ ಸೈನ್ಸ್ 2003 ಬ್ಯಾಚ್ ಗುಂಪಿನಲ್ಲಿ ನಡೆದ ವಾದ

ನಾಗೇಶ: [ವಿಡಿಯೊ: ಮ್ಯಾಟ್ರಿಕ್ಸ್ ರೀಲೋಡೆಡ್, ಹೆದ್ದಾರಿ ದೃಶ್ಯ]

ನಾಗೇಶ: ಈ ಸಿನಿಮಾನ 2003ರಿಂದ ಎಲ್ರೂ ಬೈಕೊಂಡೇ ಬಂದಿದ್ದಾರೆ. ನನ್ನ ಪ್ರಕಾರ ಮೊದಲನೆಯದಕ್ಕಿಂತ ದೊಡ್ಡ ಯೋಚನೆ ಇರೋದು ಇದರಲ್ಲೇ. ಒಪ್ಪದೇ ಇರೋರು ಕಾರಣ ಕೊಡಿ, ಸುಮ್ನೆ ಬೋರು ಅನ್ನಬೇಡಿ. ಕಥೆ ಮರೆತೋರಿಗೆ: ಯಂತ್ರಗಳು ಮನುಷ್ಯರ ಮನಸ್ಸನ್ನ ಮ್ಯಾಟ್ರಿಕ್ಸ್ ಅನ್ನೋ ಕಂಪ್ಯೂಟರ್ ಜಗತ್ತಲ್ಲಿ ಬಂಧಿಸಿಟ್ಟಿವೆ. ಹೊರಗೆ ಬಿಡುಗಡೆಯಾದವರ ಕೊನೇ ನಗರ ಝಯಾನ್. ನಿಯೋ ಅವರು ನಂಬಿರೋ ರಕ್ಷಕ, ಟ್ರಿನಿಟಿ ಅವನ ಪ್ರೇಯಸಿ, ಮಾರ್ಫಿಯಸ್ ಅವನ ಗುರು.

ಸುಮಾ: ಕಾರಣಾನ ನೀನೇ ಹಾಕಿದ್ದೀಯಲ್ಲೋ. ಆ ಹೆದ್ದಾರಿ ದೃಶ್ಯದಲ್ಲಿ ನಿಯೋ ಎಲ್ಲಿದ್ದಾನೆ ನೋಡು. ಕೊನೇ ಕ್ಷಣದವರೆಗೂ ಇಲ್ಲ. ಕೀಮೇಕರ್‌ನ ಹಿಡಿದಿಟ್ಟಿದ್ದ ಮೆರೊವಿಂಜಿಯನ್ ಅನ್ನೋನ ಬಂಗಲೆಯ ಬಾಗಿಲಿಂದಾಚೆ ಬೆಟ್ಟಗಳ ಮಧ್ಯೆ ಸಿಕ್ಕಿಬಿದ್ದಿದ್ದಾನೆ. ರಸ್ತೆ ಮೇಲಿರೋದು ಟ್ರಿನಿಟಿ, ಮಾರ್ಫಿಯಸ್, ಮತ್ತೆ ಮ್ಯಾಟ್ರಿಕ್ಸಿನ ಗುಪ್ತ ಬಾಗಿಲುಗಳಿಗೆ ಕೀಲಿ ಮಾಡೋ ಕೀಮೇಕರ್. ಮೂರು ಜನಾನೂ ಸಾಯಬಹುದು. ನಿಯೋ ಇರೋ ಹೊಡೆದಾಟಗಳಲ್ಲಿ ಆ ಭಯವೇ ಇಲ್ಲ. ಸಿನಿಮಾ ಸೋತಿದ್ದು ಅಲ್ಲಿ, ತತ್ವಶಾಸ್ತ್ರದಿಂದ ಅಲ್ಲ.

ಪ್ರಶಾಂತ್: ಸುಮಾ ಹೇಳಿದ್ದು ಸರಿ ಮಾರಾಯ. ಇನ್ನೊಂದು ಕಾರಣವೂ ಉಂಟು. ಆ ರಸ್ತೆ ನಿಜವಾದದ್ದು. ಕ್ಯಾಲಿಫೋರ್ನಿಯಾದ ಅಲಮೀಡದಲ್ಲಿ, ಹಳೇ ನೌಕಾದಳದ ವಿಮಾನ ನೆಲೆಯಲ್ಲಿ, ಸುಮಾರು ಒಂದೂವರೆ ಮೈಲಿ ಹೆದ್ದಾರಿಯನ್ನೇ ಕಟ್ಟಿದರು. ಜನರಲ್ ಮೋಟರ್ಸ್ ಕೊಟ್ಟ ಕಾರುಗಳನ್ನು ಜಜ್ಜಿ ಹಾಕಿದರು. ಕ್ಯಾಡಿಲಾಕ್ ಮೂಲೆ ತಿರುಗುವಾಗ ಟಯರು ನೆಲಕ್ಕೆ ಒತ್ತಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಟ್ರಿನಿಟಿ ಡುಕಾಟಿ ಮೇಲೆ ಎದುರು ದಿಕ್ಕಿನ ಟ್ರಾಫಿಕ್‌ನಲ್ಲಿ ನುಗ್ಗುವಾಗ ಕೆಲವು ವಾಹನ ಕಂಪ್ಯೂಟರಿನದ್ದು, ಆದರೆ ರಸ್ತೆ, ಬೆಳಕು, ಬೈಕು ನಿಜವಾಗಿರುವುದರಿಂದ ಸುಳ್ಳು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ.

ಸುಮಾ: ನಿಯಮಾನೂ ಸ್ಪಷ್ಟ. ಏಜೆಂಟು, ಅಂದ್ರೆ ಮ್ಯಾಟ್ರಿಕ್ಸ್ ಕಾಯೋ ಪ್ರೋಗ್ರಾಂ, ಯಾವ ಚಾಲಕನ ಮೈಯೊಳಗೆ ಬೇಕಾದರೂ ಬರಬಹುದು. ಹಂಗಾಗಿ ಹೆದ್ದಾರಿ ಅಂದ್ರೆ ಸಾವಿರ ಶತ್ರುಗಳು. ಅದಕ್ಕೇ ಮಾರ್ಫಿಯಸ್ ಮೊದಲೇ ಹೇಳಿರ್ತಾನೆ, ಹೆದ್ದಾರಿಗೆ ಹೋಗಬಾರದು ಅಂತ. ಗುರಿ ಏನು? ಕೀಮೇಕರ್‌ನ ಮ್ಯಾಟ್ರಿಕ್ಸಿಂದ ಹೊರಗೆ ಹೋಗೋ ದಾರಿಯಾದ ಫೋನಿನ ತನಕ ತಲುಪಿಸೋದು. ಅಷ್ಟೇ. ಯಾರಿಗೆ ಏನು ಬೇಕು, ಯಾರು ತಡೀತಾರೆ, ತಪ್ಪಿದ್ರೆ ಏನಾಗುತ್ತೆ, ಮೂರೂ ಗೊತ್ತು. ಈಗ ಇದನ್ನ ನೂರು ಸ್ಮಿತ್‌ಗಳ, ಅಂದ್ರೆ ತನ್ನನ್ನೇ ನಕಲು ಮಾಡ್ಕೊಳ್ತಾ ಹೋಗೋ ಆ ಹಳೇ ಏಜೆಂಟಿನ, ಹೊಡೆದಾಟದ ಪಕ್ಕ ಇಡು.

ನಾಗೇಶ: ಇಡ್ತೀನಿ. ಅಲ್ಲೂ ಅಪಾಯ ಇದೆ ಕಣೇ. ಸ್ಮಿತ್ ನಿಯೋ ಎದೆಗೆ ಕೈ ಹಾಕಿ ಅವನನ್ನೂ ತನ್ನ ನಕಲು ಮಾಡೋಕೆ ನೋಡ್ತಾನೆ.

ಸುಮಾ: ಅದು ಹೊಡೆದಾಟದ ಮೊದಲ ನಿಮಿಷದಲ್ಲೇ ಮುಗಿದುಹೋಗುತ್ತೆ. ಆಮೇಲೆ ಬರೀ ಎಣಿಕೆ: ಹತ್ತು ಸ್ಮಿತ್, ಇಪ್ಪತ್ತು, ನೂರು. ಕೊನೆಗೆ ನಿಯೋ ಹಾರಿ ಹೋಗ್ತಾನೆ. ಮೊದಲೇ ಹಾರಬಹುದಿತ್ತಲ್ಲ? ಅವನು ಗೆದ್ದೂ ಇಲ್ಲ, ಸೋತೂ ಇಲ್ಲ, ಕಥೆ ಒಂದು ಹೆಜ್ಜೆ ಮುಂದೆ ಹೋಗಿಲ್ಲ. ನಿಜವಾಗಿ ಮೈ ಜುಂ ಅನ್ನಿಸೋದು ಬೇರೆ ಕಡೆ ಇದೆ: ಸ್ಮಿತ್ ಝಯಾನ್ ಕಡೆಯ ಬೇನ್ ಅನ್ನೋನ ಮೈ ಸೇರಿ ಫೋನಿನ ದಾರಿಯಿಂದ ಹೊರಗಿನ ಜಗತ್ತಿಗೇ ಬಂದುಬಿಡ್ತಾನೆ. ಇಡೀ ಸಿನಿಮಾದ ದೊಡ್ಡ ಬೆದರಿಕೆ ಅದು. ಅದಕ್ಕೆ ಕೊಟ್ಟಿರೋದು ಚಿಟಿಕೆಯಷ್ಟು ಹೊತ್ತು.

ಪ್ರಶಾಂತ್: ತಂತ್ರದ ಕಡೆಯಿಂದಲೂ ಆ ಹೊಡೆದಾಟ ಯಾಕೆ ಬಿದ್ದುಹೋಯಿತು ಹೇಳುತ್ತೇನೆ. ಮುಖಗಳಿಗೆ ಅವರು ಮಾಡಿದ್ದು ಆ ಕಾಲಕ್ಕೆ ಅದ್ಭುತ ಕೆಲಸ. ನಟನನ್ನು ಕೂರಿಸಿ ಐದು ಹೈ ಡೆಫಿನಿಷನ್ ಕ್ಯಾಮರಾಗಳಿಂದ ಒಟ್ಟಿಗೆ ಚಿತ್ರೀಕರಿಸಿ, ಮುಖಕ್ಕೆ ಚುಕ್ಕಿ ಅಂಟಿಸದೆ, ಚರ್ಮದ ಒಂದೊಂದು ಬಿಂದು ಹೇಗೆ ಸರಿಯಿತು ಅಂತ ಲೆಕ್ಕ ಹಾಕಿ ಮೂರು ಆಯಾಮದ ಮುಖ ಕಟ್ಟಿದರು. ಯೂನಿವರ್ಸಲ್ ಕ್ಯಾಪ್ಚರ್ ಅಂತ ಹೆಸರು. ಹಾಗಾಗಿ ಮುಖ ಅಷ್ಟು ಕೆಟ್ಟದಿಲ್ಲ.

ಪ್ರಶಾಂತ್: ಕೆಟ್ಟದ್ದು ತೂಕ. ನಿಜವಾದ ಹೊಡೆತದಲ್ಲಿ ಪೆಟ್ಟು ತಿಂದವನು ಹಿಂದೆ ಹೋಗುವುದು ಮಾತ್ರ ಅಲ್ಲ, ಹೊಡೆದವನ ಕೈಯೂ ಅಲ್ಲೇ ತಡೆದು ನಿಲ್ಲಬೇಕು, ಕಾಲು ನೆಲದಲ್ಲಿ ಊರಬೇಕು. ಕಂಪ್ಯೂಟರ್ ನಿಯೋ ಕಂಬ ಬೀಸುವಾಗ ಆ ತಡೆ ಕಾಣುವುದೇ ಇಲ್ಲ. ಮೇಲಂಗಿಯ ಬಟ್ಟೆಯೂ ರಬ್ಬರಿನ ಹಾಗೆ ಎಳೆಯುತ್ತದೆ. ಅದರ ಮೇಲೆ, ಯಾವ ಮನುಷ್ಯನೂ ಹಿಡಿಯಲಾಗದ ದಾರಿಯಲ್ಲಿ ಕ್ಯಾಮರಾ ಸುತ್ತುತ್ತದೆ. ಆಗ ಕಣ್ಣು ಇದು ಆಟ ಅಂತ ತೀರ್ಮಾನ ಮಾಡಿಬಿಡುತ್ತದೆ. ಸ್ಮಿತ್‌ಗಳು ಡಿಕ್ಕಿ ಹೊಡೆದು ಚೆಲ್ಲಾಪಿಲ್ಲಿಯಾಗುವಲ್ಲಿ ಬೌಲಿಂಗ್ ಪಿನ್ ಬೀಳುವ ಸದ್ದು ಬೇರೆ ಸೇರಿಸಿದ್ದಾರೆ. ಉಳಿದಿದ್ದ ಭಯವೂ ಅಲ್ಲಿಗೆ ಹೋಯಿತು.

ನಾಗೇಶ: 1999ರ ಮೊದಲ ಸಿನಿಮಾದ ಬುಲೆಟ್ ಟೈಮ್, ಅಂದ್ರೆ ಕಾಲ ನಿಧಾನವಾಗಿ ಕ್ಯಾಮರಾ ನಟನ ಸುತ್ತ ಸುತ್ತೋದು, ಅದೂ ಕೂಡ ಅಸಾಧ್ಯ ಕ್ಯಾಮರಾನೇ ಅಲ್ವಾ?

ಪ್ರಶಾಂತ್: ಅಲ್ಲಿ ನಟನ ಸುತ್ತ ನೂರಕ್ಕೂ ಹೆಚ್ಚು ಸ್ಟಿಲ್ ಕ್ಯಾಮರಾ ಸಾಲಾಗಿ ಇಟ್ಟು ನಿಜವಾದ ಮನುಷ್ಯನನ್ನೇ ಹಿಡಿದರು. ಹಿನ್ನೆಲೆ ಕಂಪ್ಯೂಟರಿನದ್ದು, ಮನುಷ್ಯ ನಿಜ. ಇಲ್ಲಿ ಅದು ತಿರುಗುಮುರುಗು ಆಯಿತು. ನೋಡುವವನ ಕಣ್ಣು ಗೋಡೆಯ ಸುಳ್ಳನ್ನು ಸಹಿಸುತ್ತದೆ, ಮೈಯ ಸುಳ್ಳನ್ನು ಸಹಿಸುವುದಿಲ್ಲ.

ಬಸವರಾಜ: ಎನ್‌ಮ್ಯಾಪ್ ಸುದ್ದಿ ಯಾರೂ ತೆಗೀವಲ್ರಿ. ಯಾವ ಕಂಪ್ಯೂಟರಿನ್ಯಾಗ ಯಾವ ದಾರಿ ತೆರೆದೈತಿ ಅಂತ ಹುಡುಕೋ ತಂತ್ರಾಂಶ ಅದು. ನಮ್ಮ ಬ್ಯಾಚಿನ ಗ್ರೂಪಿನ್ಯಾಗ ಅದ ಮೊದಲ ಬರಬೇಕಿತ್ತು.

ವೀಣಾ: ಬಂತು 😀 ಹೇಳು ಬಸು.

ಬಸವರಾಜ: ವಿದ್ಯುತ್ ಜಾಲದ ನಿಯಂತ್ರಣ ಕೇಂದ್ರದಾಗ ಟ್ರಿನಿಟಿ 10.2.2.2 ಅನ್ನೋ ವಿಳಾಸದ ಕಂಪ್ಯೂಟರಿನ ಮ್ಯಾಲೆ ಎನ್‌ಮ್ಯಾಪ್ ಓಡಸ್ತಾಳ. 22ನೇ ಪೋರ್ಟ್ ತೆರೆದೈತಿ, ಎಸ್‌ಎಸ್‌ಎಚ್, ಅಂದ್ರ ಬ್ಯಾರೆ ಕಂಪ್ಯೂಟರಿಗೆ ದೂರದಿಂದ ಲಾಗಿನ್ ಆಗೋ ದಾರಿ. ಆಮ್ಯಾಲೆ ಎಸ್‌ಎಸ್‌ಎಚ್ ಒಂದನೇ ಆವೃತ್ತಿಯ ಸಿಆರ್‌ಸಿ32 ಅನ್ನೋ ದೋಷ ಹಿಡಿದು ರೂಟ್ (ಎಲ್ಲಾ ಅಧಿಕಾರ ಇರೋ ಖಾತೆ) ಪಾಸ್‌ವರ್ಡ್ ಬದಲಿ ಮಾಡಿ ಒಳಗ ಹೊಕ್ಕಾಳ. ಇದು ಖರೇ ದೋಷ. 1998ರಾಗ ಒಂದು ದಾಳಿ ತಡೀಲಿಕ್ಕೆ ಅಂತ ಹೊಸಾ ಕೋಡು ಸೇರಿಸಿದ್ರು. ಆ ಕೋಡಿನ್ಯಾಗ 32 ಬಿಟ್ಟಿನ ಬೆಲೆ 16 ಬಿಟ್ಟಿನ ಜಾಗದಾಗ ತುಂಬಿದ್ದಕ್ಕ ತೂತು ಬಿತ್ತು. 2001ರ ಫೆಬ್ರುವರಿಯೊಳಗ ಅದು ಬಯಲಿಗೆ ಬಂತು. ಮ್ಯಾಟ್ರಿಕ್ಸ್ ಒಳಗಿನ ಕಾಲ 1999 ಅಂದ್ರೂ ತೂತು ಆಗಲೇ ಇತ್ತು, ಲೆಕ್ಕ ಕೂಡತೈತಿ. ಹತ್ತರಿಂದ ಶುರುವಾಗೋ ವಿಳಾಸ ಅಂದ್ರ ಒಳಗಿನ ಜಾಲ. ಆಕಿ ಕೇಂದ್ರದ ಒಳಗ ನಿಂತು ಅಲ್ಲಿನ ಕಂಪ್ಯೂಟರಿನ ಮುಂದನ ಟೈಪ್ ಮಾಡ್ತಾಳ, ಅದೂ ಸರಿನ.

ಬಸವರಾಜ: ಒಂದ ತಪ್ಪು. 21ರಿಂದ 48ರ ತನಕ ನೋಡ್ (ವಿದ್ಯುತ್ ಜಾಲದ ಘಟಕ) ಬಂದ್ ಮಾಡು ಅಂತ ಹೊಡೀತಾಳ, ಪರದೆ 27 ನೋಡ್ ಅಂತೈತಿ. ಎಣಿಸಿ ನೋಡ್ರಿ, 28 ಆಗತಾವ. ಕೀಮೇಕರ್ ಹೇಳಿದ್ದು ನಗರದ 27 ಬ್ಲಾಕಿನ ಕರೆಂಟ್ ಹೋಗಬೇಕು ಅಂತ, ಅದಕ್ಕ ಹೊಂದಸಾಕ ಹೋಗಿ ಒಂದು ಜಾರೈತಿ.

ವೀಣಾ: ಆ ಕೀಮೇಕರ್ ಯೋಜನೆನೇ ನನಗೆ ದೊಡ್ಡ ತಕರಾರು. ಕಟ್ಟಡದ ಕರೆಂಟು ಹೋಗಬೇಕು, ತುರ್ತು ವ್ಯವಸ್ಥೆಯೂ ಸಾಯಬೇಕು, ಆಗ ನಿಯೋ ಮ್ಯಾಟ್ರಿಕ್ಸಿನ ಮೂಲಕ್ಕೆ ಹೋಗೋ ಬಾಗಿಲಿಗೆ ಸಿಗೋದು 314 ಸೆಕೆಂಡು. ಮೂರು ತಂಡ, ಒಂದು ತಪ್ಪಿದ್ರೆ ಎಲ್ಲಾ ತಪ್ಪಿದ ಹಾಗೆ. ಎಷ್ಟು ಒಳ್ಳೆ ದರೋಡೆ ಕಥೆ ಆಗಬೇಕಿತ್ತು! ಆದ್ರೆ ಯೋಜನೆ ವಿವರಿಸ್ತಿರೋವಾಗ್ಲೇ ಅದು ನಡೀತಿರೋ ದೃಶ್ಯ ತೋರಿಸ್ತಾರೆ. ನೋಡೋನಿಗೆ ಯೋಜನೆ ಮನಸ್ಸಲ್ಲಿ ಕೂರೋಕೆ ಮೊದ್ಲೇ ಆ ಮೂರರಲ್ಲಿ ಒಂದಾದ ಸೋರೆನ್ ತಂಡ ಸತ್ತೋಗಿರುತ್ತೆ. ಏನು ಕೆಟ್ಟಿತು ಅಂತ ತಿಳಿಯೋಕೆ ಏನು ಸರಿಯಿತ್ತು ಅಂತ ಗೊತ್ತಿರಬೇಕಲ್ವಾ.

ವೀಣಾ: ಇನ್ನೊಂದು: ಬೇರೆ ತಂಡದ ನಯೋಬಿ ಮತ್ತು ಘೋಸ್ಟ್ ವಿದ್ಯುತ್ ಸ್ಥಾವರ ಹಾಳುಮಾಡೋ ಭಾಗ ಸಿನಿಮಾದಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅದಿರೋದು ಎಂಟರ್ ದ ಮ್ಯಾಟ್ರಿಕ್ಸ್ ಅನ್ನೋ ವಿಡಿಯೊ ಆಟದಲ್ಲಿ. ನಿರ್ದೇಶಕರಾದ ವಚಾವ್‌ಸ್ಕಿಗಳು ಆ ಆಟಕ್ಕೆ ಅಂತಲೇ ಸುಮಾರು ಒಂದು ಗಂಟೆಯ ದೃಶ್ಯ ಚಿತ್ರೀಕರಿಸಿದ್ದರು. ಯಂತ್ರಗಳು ಝಯಾನ್ ಕಡೆ ಕೊರೆಯುತ್ತಿವೆ ಅನ್ನೋ ಸುದ್ದಿ ಹೇಗೆ ಬಂತು? ಅದು ಆ್ಯನಿಮ್ಯಾಟ್ರಿಕ್ಸ್ ಅನ್ನೋ ಆ್ಯನಿಮೇಷನ್ ಸಂಗ್ರಹದ ಒಸೈರಿಸ್ ಕಿರುಚಿತ್ರದಲ್ಲಿ. ಟಿಕೆಟ್ ತಗೊಂಡವನ ಕೈಗೆ ಮೊದಲ ಅಧ್ಯಾಯ ಹರಿದ ಪುಸ್ತಕ ಕೊಟ್ಟ ಹಾಗಾಯ್ತು.

ನಾಗೇಶ: ಅದು ಒಪ್ತೀನಿ. ಆಟದ ವಿಷಯ ವ್ಯಾಪಾರ. ಆದ್ರೆ ಮ್ಯಾಟ್ರಿಕ್ಸ್ ಕಟ್ಟಿದ ಆರ್ಕಿಟೆಕ್ಟ್ ನಿಯೋ ಎದುರು ಬರೋ ದೃಶ್ಯ? ಮೊದಲ ಸಿನಿಮಾ ಹೇಳಿದ್ದು ರಕ್ಷಕ ಬರ್ತಾನೆ, ಬಿಡುಗಡೆ ಮಾಡ್ತಾನೆ ಅಂತ. ಇದು ಬಂದು ಆ ರಕ್ಷಕನೇ ವ್ಯವಸ್ಥೆಯ ಒಂದು ಭಾಗ ಅನ್ನುತ್ತೆ. ಆಯ್ಕೆ ಕೊಟ್ಟರೆ ನೂರಕ್ಕೆ 99 ಜನ ಮ್ಯಾಟ್ರಿಕ್ಸ್ ಒಪ್ಕೋತಾರೆ. ಒಪ್ಪದವರು ಝಯಾನ್ ಸೇರ್ತಾರೆ. ಅದು ತುಂಬಿದಾಗ ಅಳಿಸ್ತಾರೆ. ನಿಯೋ 23 ಜನರನ್ನ, 16 ಹೆಂಗಸರು 7 ಗಂಡಸರು, ಆರಿಸಿ ಮತ್ತೆ ಶುರು ಮಾಡಬೇಕು. ಇದು ಆರನೇ ಸಲ. ತಾನು ಕೊಟ್ಟ ನಂಬಿಕೆಯನ್ನೇ ಪ್ರಶ್ನೆ ಮಾಡೋ ಎರಡನೇ ಭಾಗ ಎಷ್ಟಿವೆ ಹೇಳಿ?

ಸುಮಾ: ಯೋಚನೆ ದೊಡ್ಡದು, ಒಪ್ಪಿದೆ. ಅದನ್ನ ಇಟ್ಟಿರೋ ರೀತಿ ನೋಡು. ಎರಡು ಗಂಟೆ ಆದ್ಮೇಲೆ, ಒಬ್ಬ ಮುದುಕ ಕೂತು, ಉದ್ದುದ್ದ ಲ್ಯಾಟಿನ್ ಪದ ಹಾಕಿ ಒಂದೇ ಸಮ ಹೇಳ್ತಾನೆ. ಅದೇ ಹೊತ್ತಿಗೆ ಹಿಂದಿನ ಗೋಡೆ ತುಂಬ ಟೀವಿ, ಒಂದೊಂದರಲ್ಲೂ ನಿಯೋ ಬೇರೆ ಬೇರೆ ಥರ ಕೂಗಾಡ್ತಿರ್ತಾನೆ. ಕಣ್ಣು ಟೀವಿ ಕಡೆ ಹೋದ್ರೆ ಕಿವಿ ಮಾತು ಬಿಡುತ್ತೆ.

ನಾಗೇಶ: ಆದ್ರೆ ಅಲ್ಲೇ ನಿನ್ನ ವಾದಕ್ಕೂ ಉತ್ತರ ಇದೆ ಸುಮಾ. ನಿಯೋಗೆ ಅಪಾಯ ಇಲ್ಲ ಅಂತೀಯಲ್ಲ. ಅವನ ಅಪಾಯ ಟ್ರಿನಿಟಿ. ಸಿನಿಮಾ ಶುರುವಾಗೋದೇ ಅವಳು ಬೀಳೋ ಕನಸಿಂದ. ಬಲಗಡೆ ಬಾಗಿಲು ಝಯಾನ್ ಉಳಿಸೋಕೆ, ಎಡಗಡೆ ಬಾಗಿಲು ಅವಳ ಹತ್ತಿರ ಹೋಗೋಕೆ. ಹಿಂದಿನ ಐದು ಜನಕ್ಕೆ ಇಡೀ ಮನುಕುಲದ ಮೇಲೆ ಪ್ರೀತಿ ಇತ್ತು, ಇವನಿಗೆ ಒಬ್ಬಳ ಮೇಲೆ. ಅದಕ್ಕೇ ಇವನು ಎಡಗಡೆ ಹೋಗ್ತಾನೆ. ಮುಷ್ಟಿಯಿಂದ ಗೆಲ್ಲೋಕಾಗದ ಅಪಾಯ ಅದು.

ಸುಮಾ: ಹೌದು, ಇಡೀ ಸಿನಿಮಾದಲ್ಲಿ ನನಗೆ ಅತಿ ಇಷ್ಟವಾದ ತಿರುವು ಅದು. ಅದಕ್ಕೇ ಸಿಟ್ಟು ಜಾಸ್ತಿ. ಎಡಗಡೆ ಹೋದ ತಪ್ಪಿಗೆ ಬೆಲೆ ಎಲ್ಲಿ? ಟ್ರಿನಿಟಿ ಸಾಯ್ತಾಳೆ, ನಿಯೋ ಅವಳ ಎದೆಯೊಳಗೆ ಕೈ ಹಾಕಿ ಗುಂಡು ತೆಗೆದು ಹೃದಯ ಒತ್ತಿ ಬದುಕಿಸಿಬಿಡ್ತಾನೆ. ಐದೇ ನಿಮಿಷದಲ್ಲಿ ಆಯ್ಕೆ ಪುಕ್ಕಟೆ ಆಗೋಯ್ತು. ಕನಸಿನ ಎಚ್ಚರಿಕೆ ಎರಡು ಗಂಟೆ ಕಾಯಿಸಿದ್ದು ಇದಕ್ಕಾ?

ಪ್ರಶಾಂತ್: ಝಯಾನ್ ಕುಣಿತವನ್ನು ಯಾರೂ ಸಮರ್ಥಿಸುವುದಿಲ್ಲವಾ?

ನಾಗೇಶ: ಮೈ ಇರೋರು ಮೈಯನ್ನ ಆಚರಿಸ್ತಾರೆ, ಯಂತ್ರಕ್ಕೆ ಅದು ಆಗಲ್ಲ. ಉದ್ದೇಶ ಸರಿ, ಉದ್ದ ಹೆಚ್ಚು.

ಬಸವರಾಜ: ಅದಕ್ಕಿಂತ ಕೌನ್ಸಿಲರ್ ಹಾಮನ್ ರಾತ್ರಿ ನಿಯೋನ್ನ ಕೆಳಗಿನ ಯಂತ್ರಗಳ ಹತ್ರ ಕರಕೊಂಡು ಹೋಗೋದು ಛಲೋ ಐತಿ. ನೀರು ಶುದ್ಧ ಮಾಡೋ ಯಂತ್ರ ಇಲ್ಲಂದ್ರ ನಾವೂ ಇಲ್ಲ, ಹಂಗಾರ ಯಾರು ಯಾರ ಹಿಡಿತದಾಗ ಅದಾರ ಅನ್ನೋ ಮಾತು. ಸಣ್ಣ ದೃಶ್ಯ, ಗದ್ದಲ ಇಲ್ಲ. ಆರ್ಕಿಟೆಕ್ಟ್ ಹೇಳೋದರ ಅರ್ಧ ಇಲ್ಲೇ ಬಂದೈತಿ. ಕುಣಿತ ಅರ್ಧ ಮಾಡಿ ಇದಕ್ಕ ಇನ್ನೆರಡು ನಿಮಿಷ ಕೊಡಬೇಕಿತ್ತು.

ವೀಣಾ: ಕೊನೇಲಿ ಹೊರಗಿನ ಜಗತ್ತಲ್ಲೇ ನಿಯೋ ಕೈ ಎತ್ತಿ ಸೆಂಟಿನೆಲ್ ಅನ್ನೋ ಬೇಟೆ ಯಂತ್ರಗಳನ್ನ ನಿಲ್ಲಿಸ್ತಾನಲ್ಲ. ಆರು ತಿಂಗಳು ಜನ ಅದಕ್ಕೇ ತಲೆ ಕೆಡಿಸ್ಕೊಂಡ್ರು, ಹೊರಗಿನದ್ದೂ ಇನ್ನೊಂದು ಮ್ಯಾಟ್ರಿಕ್ಸಾ ಅಂತ. 2003ರ ನವೆಂಬರ್‌ನಲ್ಲಿ ಮೂರನೇ ಭಾಗ ರೆವಲ್ಯೂಷನ್ಸ್ ಬಂದು, ಅವನ ಶಕ್ತಿ ಮೂಲದ ತನಕ ಹೋಗುತ್ತೆ ಅಂತ ಭವಿಷ್ಯ ಹೇಳೋ ಒರಾಕಲ್ ಬಾಯಲ್ಲಿ ಎರಡು ಮಾತು ಹೇಳಿಸಿ ಮುಗಿಸ್ತು. ಜನ ತೀರ್ಪು ಕೊಟ್ಟಿದ್ದು ಆಗ. ರೀಲೋಡೆಡ್ ಜಗತ್ತಿನಾದ್ಯಂತ ಸುಮಾರು 74 ಕೋಟಿ ಡಾಲರ್ ಗಳಿಸಿತ್ತು, ರೆವಲ್ಯೂಷನ್ಸ್ ಸುಮಾರು 43 ಕೋಟಿಗೆ ನಿಂತಿತು. ಅದೇ ವರ್ಷ, ಮುಖ್ಯ ನಟರೂ ಅವರೇ.

ಸುಮಾ: ನೋಡಿದ್ಯಾ ನಾಗೇಶ. ಮಾತು ಕೊಟ್ಟು ತೀರಿಸದೇ ಇದ್ರೆ ಜನ ಮುಂದಿನ ಸಲ ಬರಲ್ಲ.

ನಾಗೇಶ: ಅದು ಮೂರನೆಯದರ ಸಾಲ, ಎರಡನೆಯದರ ತಲೆಗೆ ಕಟ್ಟಬೇಡ. ಮತ್ತೆ ನೋಡೋರು ಹೀಗೆ ನೋಡಿ: ಮೊದ್ಲು ಒಸೈರಿಸ್, ಹತ್ತು ನಿಮಿಷದ್ದು. ಆಮೇಲೆ ರೀಲೋಡೆಡ್. ಕೀಮೇಕರ್ ಯೋಜನೆ ಹೇಳೋವಾಗ ನಿಲ್ಲಿಸಿ ಮೂರು ತಂಡದ ಕೆಲಸ ಬರ್ಕೊಳ್ಳಿ. ಆರ್ಕಿಟೆಕ್ಟ್ ದೃಶ್ಯಕ್ಕೆ ಸಬ್‌ಟೈಟಲ್ ಹಾಕಿ, ಟೀವಿ ಗೋಡೆ ಕಡೆ ನೋಡಬೇಡಿ.

ಪ್ರಶಾಂತ್: ನೂರು ಸ್ಮಿತ್ ಹೊಡೆದಾಟ?

ಸುಮಾ: ನಿಯೋ ಕಂಬ ಕಿತ್ತ ತಕ್ಷಣ ಮುಂದಕ್ಕೆ ಓಡಿಸಿ.

ನಾಗೇಶ: ಬೇಡ. ಕಂಬ ಕೀಳೋ ತನಕ ಸಾಹಸ ಕಲಾವಿದರ ಕೆಲಸ ತುಂಬಾ ಇದೆ, ಅದು ಪೂರ್ತಿ ನೋಡಿ. ಕಂಬ ಆದ್ಮೇಲಿನದಕ್ಕೆ ನಾನು ಜಗಳ ಆಡಲ್ಲ.