ಮನೆ ಕೋಣೆಯಲ್ಲಿ ಮೊದಲ ಸಲ ಚಿಪ್ಪಣಬೆ: ಸೆಕೆ, ತೇವ, ಗಾಳಿ ಹೇಗೆ ನೋಡಿಕೊಳ್ಳೋದು?

ಕೇಳಿದವರು: ಹುಬ್ಬಳ್ಳಿ, ವಿದ್ಯಾನಗರ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಚಿಪ್ಪಣಬೆ ಬೆಳೆಯಬೇಕು ಅಂತ ಇದ್ದೇನೆ, ಇದೇ ಮೊದಲು. ಮಹಡಿ ಮೇಲೆ ಹತ್ತಕ್ಕೆ ಹತ್ತು ಅಡಿಯ ಕೋಣೆ ಖಾಲಿ ಇದೆ. ಆರ್‌ಸಿಸಿ ಛಾವಣಿ, ಪಶ್ಚಿಮಕ್ಕೆ ಒಂದೇ ಕಿಟಕಿ. ಒಬ್ಬರು ಎಸಿ ಬೇಕೇ ಬೇಕು ಅಂತಾರೆ, ಇನ್ನೊಬ್ಬರು ಏನೂ ಬೇಡ, ಕತ್ತಲೆ ಇದ್ದರೆ ಸಾಕು ಅಂತಾರೆ. ಬಿಳಿ ಜಾತಿಯ ಬೀಜ ತಂದು ಏಪ್ರಿಲ್‌ನಲ್ಲಿ ಶುರು ಮಾಡಬಹುದಾ? ಸೆಕೆ ಎಷ್ಟಿರಬೇಕು, ತೇವ ಎಷ್ಟಿರಬೇಕು? ನೀವು ಮಾಡಿ ನೋಡಿದ್ದನ್ನು ಹೇಳಿ. ಹಾಂ, ಮನೆಯಲ್ಲಿ ಅತ್ತೆಯವರಿಗೆ ದಮ್ಮು ಇದೆ. ಅವರಿಗೇನಾದರೂ ತೊಂದರೆಯಾ?

ಧಾರವಾಡ, ಸಪ್ತಾಪುರ

ಅಕ್ಕಾ, ನಿಮಗೆ ಹೇಳಿದ ಇಬ್ಬರದ್ದೂ ಅರ್ಧರ್ಧ ಸರಿ. ಅಣಬೆಗೆ ಎರಡು ಹಂತ ಇವೆ. ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಆಗಿಬರುವುದಿಲ್ಲ. ಇದು ತಲೆಗೆ ಹೋದರೆ ಉಳಿದದ್ದು ಸುಲಭ.

ಮೊದಲನೇ ಹಂತ, ಹುಲ್ಲು, ಬೀಜ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಅಣಬೆಯ ಬಿಳಿ ಎಳೆ ಹಬ್ಬುವುದು. ಇದಕ್ಕೆ 15ರಿಂದ 20 ದಿನ ಹಿಡಿಯುತ್ತದೆ. ಕೋಣೆ 24–28 ಡಿಗ್ರಿ ಇದ್ದರೆ ಸಾಕು. ಬೆಳಕು ಬೇಡ, ಗಾಳಿಯ ಚಿಂತೆ ಬೇಡ, ನೀರು ಚಿಮುಕಿಸುವುದೂ ಬೇಡ. ಸುಮ್ನೆ ಬಿಟ್ಟುಬಿಡಿ. ಆದರೆ ಎಳೆ ಬೆಳೆಯುವಾಗ ಚೀಲದ ಒಳಗೆ ತಾನೇ ಬಿಸಿ ಹುಟ್ಟುತ್ತದೆ. ಕೋಣೆಗಿಂತ ಚೀಲದ ಹೊಟ್ಟೆ ಎರಡು ಮೂರು ಡಿಗ್ರಿ ಜಾಸ್ತಿನೇ ಇರುತ್ತದೆ. ಹಾಗಾಗಿ ಒಂದರ ಮೇಲೊಂದು ಪೇರಿಸಬೇಡಿ, ನಡುವೆ ಒಂದು ಗೇಣು ಜಾಗ ಬಿಡಿ.

ಎರಡನೇ ಹಂತ, ಚೀಲ ಪೂರ್ತಿ ಹತ್ತಿ ಮೆತ್ತಿದ ಹಾಗೆ ಬೆಳ್ಳಗಾದ ಮೇಲೆ. ಈಗ ಎಲ್ಲ ಉಲ್ಟಾ. ಚೀಲ ಬಿಚ್ಚಬೇಕು ಇಲ್ಲವೇ ಬ್ಲೇಡಿನಿಂದ ಸೀಳಬೇಕು. ಗಾಳಿಯಲ್ಲಿ ತೇವ 80–90 ಪರ್ಸೆಂಟ್ ಇರಬೇಕು, ಹೊಸ ಗಾಳಿ ಆಡುತ್ತಿರಬೇಕು, ದಿನಕ್ಕೆ ನಾಲ್ಕಾರು ತಾಸು ಮಂದ ಬೆಳಕೂ ಬೇಕು. ಕೋಣೆಯಲ್ಲಿ ಕೂತು ಪೇಪರ್ ಓದಲು ಆಗುವಷ್ಟು ಬೆಳಕು ಸಾಕು, ನೇರ ಬಿಸಿಲು ಮಾತ್ರ ಬೀಳಬಾರದು. ಒಂದು ಸಾದಾ ಟ್ಯೂಬ್‌ಲೈಟ್ ಇದ್ದರೆ ಆಯಿತು. ದುಬಾರಿ ನೇರಳೆ ಎಲ್‌ಇಡಿ ಮಾರಲು ಯಾರಾದರೂ ಬಂದರೆ ಕೈಮುಗಿದು ಕಳಿಸಿ. ಇದು ಹಸಿರು ಗಿಡ ಅಲ್ಲ, ಬೆಳಕಿನಿಂದ ಅಡುಗೆ ಮಾಡಿಕೊಳ್ಳುವುದಿಲ್ಲ.

ಏಪ್ರಿಲ್ ಮಾತ್ರ ಬೇಡ ಅಕ್ಕಾ. ಬಿಳಿ ಅಣಬೆಗೆ, ಅಂದರೆ ಫ್ಲೋರಿಡಾ ಜಾತಿಗೆ, 20–25 ಡಿಗ್ರಿ ಹಿತ. ಪಶ್ಚಿಮದ ಕಿಟಕಿ, ಮೇಲೆ ಕಾದ ಸ್ಲ್ಯಾಬು, ಹುಬ್ಬಳ್ಳಿಯ ಬೇಸಿಗೆ. ಅದನ್ನು ತಣ್ಣಗೆ ಮಾಡುವ ಕರೆಂಟ್ ಬಿಲ್ಲಿನಲ್ಲಿ ಅಣಬೆ ಕೊಂಡೇ ತಿನ್ನಬಹುದು. ಮಳೆ ಹಿಡಿದ ಮೇಲೆ ಶುರು ಮಾಡಿ. ಜುಲೈನಿಂದ ಫೆಬ್ರವರಿ ತನಕ ನಮ್ಮ ಕಡೆ ಎಸಿ ಇಲ್ಲದೆ ನಡೆಯುತ್ತದೆ. ಡಿಸೆಂಬರ್ ರಾತ್ರಿ ಧಾರವಾಡದಲ್ಲಿ ಚಳಿ ಜಾಸ್ತಿ ಆದಾಗ ಎಳೆ ಹಬ್ಬುವುದು ನಿಧಾನ ಆಗುತ್ತದೆ, ಅಷ್ಟೇ.

ಗದಗ, ಬೆಟಗೇರಿ

ಧಾರವಾಡದವರ ಮಾತು ಧಾರವಾಡಕ್ಕೆ ಸರಿ ಬಿಡಿ. ಅವರಿಗೆ ಮಲೆನಾಡಿನ ಗಾಳಿ ಸೋಕುತ್ತದೆ. ನಮಗೆ ಒಣ ಗಾಳಿ. ಇಲ್ಲಿ ಸೆಕೆಗಿಂತ ದೊಡ್ಡ ಕಾಟ ತೇವ ನಿಲ್ಲದಿರುವುದು. ಮೊಗ್ಗು ಬಂದಿರುತ್ತದೆ, ಮಧ್ಯಾಹ್ನ ಒಂದು ತಾಸು ಒಣಗಿದರೆ ಸಂಜೆಗೆ ಹಳದಿ ಬಿದ್ದು ಸತ್ತಿರುತ್ತದೆ.

ನಮ್ಮದು ನೇಕಾರರ ಮನೆ. ನೂಲು ಹರಿಯಬಾರದು ಅಂತ ಮಗ್ಗದ ಕೋಣೆಯಲ್ಲಿ ತೇವ ಹಿಡಿದಿಡುವುದು ನಮಗೆ ಮೊದಲಿನಿಂದ ರೂಢಿ. ಅದನ್ನೇ ಅಣಬೆಗೂ ಮಾಡಿದ್ದೇವೆ. ನೆಲಕ್ಕೆ ಎರಡು ಇಂಚು ಮರಳು ಹಾಕಿ ನೆನೆಸಿಡುವುದು. ಗೋಡೆಗೆ, ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟು ದಿನಕ್ಕೆ ಮೂರು ನಾಲ್ಕು ಸಲ ನೀರು ಹೊಡೆಯುವುದು. ಗೋಣಿಯಿಂದ ನೀರು ಆರುವಾಗ ಕೋಣೆಯೂ ತಂಪಾಗುತ್ತದೆ. ಬೇಸಿಗೆಯ ಒಣ ಹವೆಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಇದರಿಂದ ತಂಪು ಸಿಗುವುದಿಲ್ಲ, ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದಲ್ಲ. ಕೂಲರಿನದೂ ಅದೇ ಲೆಕ್ಕ.

ತೇವ ಅಳೆಯಲು ಅಗ್ಗದ ಡಿಜಿಟಲ್ ಮೀಟರ್ ನಂಬಬೇಡಿ. ಒಂದೇ ಥರದ ಎರಡು ಥರ್ಮಾಮೀಟರ್ ಅಕ್ಕಪಕ್ಕ ನೇತುಹಾಕಿ. ಒಂದರ ಬುಡಕ್ಕೆ ಹತ್ತಿಬಟ್ಟೆ ಸುತ್ತಿ, ಬಟ್ಟೆಯ ತುದಿ ನೀರಿನ ಲೋಟದಲ್ಲಿ ಇರಲಿ. ಒಣದ್ದು 25 ತೋರಿಸಿ ಒದ್ದೆಯದ್ದು 23 ತೋರಿಸಿದರೆ ತೇವ ಸುಮಾರು 84 ಪರ್ಸೆಂಟ್. ಒದ್ದೆಯದ್ದು 22ಕ್ಕೆ ಇಳಿದರೆ 80ರ ಕೆಳಗೆ ಹೋಯಿತು ಅಂತ ಅರ್ಥ, ಗೋಣಿಗೆ ನೀರು ಹಾಕುವ ಹೊತ್ತು. ನೀರು ಗೋಣಿಗೆ ಹಾಕಿ, ಮೊಗ್ಗಿನ ಮೇಲೆ ರಭಸವಾಗಿ ಹೊಡೆಯಬೇಡಿ.

ಬೇಸಿಗೆಯಲ್ಲೇ ಮಾಡಬೇಕು ಅಂತ ಹಟ ಇದ್ದರೆ ಜಾತಿ ಬದಲಿಸಿ. ಗುಲಾಬಿ ಬಣ್ಣದ ಚಿಪ್ಪಣಬೆ 30 ಡಿಗ್ರಿಯನ್ನೂ ತಾಳುತ್ತದೆ. ಹಾಲು ಅಣಬೆಗೆ 30–35 ಇದ್ದರೇ ಖುಷಿ. ಆದರೆ ಅದಕ್ಕೆ ಮೇಲೆ ಮಣ್ಣಿನ ಪದರ ಕೊಡಬೇಕು, ಹೊಸಬರಿಗೆ ಒಂದು ಕೆಲಸ ಜಾಸ್ತಿ.

ಹುಬ್ಬಳ್ಳಿ, ಗೋಕುಲ ರಸ್ತೆ

ಗೋಣಿ ಸರಿ ಅಣ್ಣಾ, ಆದರೆ ಕಿಟಕಿಯನ್ನೂ ಗೋಣಿಯಿಂದ ಮುಚ್ಚಿ ಅಂತ ಓದಿದವರು ಕೋಣೆಯನ್ನೇ ಡಬ್ಬಿ ಮಾಡಿಬಿಡುತ್ತಾರೆ. ಅಣಬೆಯೂ ನಮ್ಮ ಹಾಗೇ ಉಸಿರಾಡುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ತುಂಬಿಕೊಂಡರೆ ಕಾಂಡ ಉದ್ದ ಬಂದು ಟೋಪಿ ಗುಂಡಿಯಷ್ಟೇ ಉಳಿಯುತ್ತದೆ. ಮೀಟರ್ ಬೇಡ, ಅಣಬೆಯ ಆಕಾರವೇ ಹೇಳುತ್ತದೆ. ಕಾಂಡ ಉದ್ದ ಅಂದರೆ ಗಾಳಿ ಕಡಿಮೆ. ಟೋಪಿಯ ಅಂಚು ಒಣಗಿ ಸೀಳಿದೆ ಅಂದರೆ ತೇವ ಕಡಿಮೆ.

ಕೋಣೆಯ ಕೆಳಗಡೆ ಒಂದು ಗಾಳಿಗಂಡಿ, ಎದುರು ಗೋಡೆಯ ಮೇಲ್ಗಡೆ ಸಣ್ಣ ಎಕ್ಸಾಸ್ಟ್ ಫ್ಯಾನ್. ಬೆಳಿಗ್ಗೆ, ಸಂಜೆ ಅರ್ಧ ಅರ್ಧ ತಾಸು ಫ್ಯಾನ್ ಹಾಕಿ, ನಿಲ್ಲಿಸಿದ ಕೂಡಲೇ ಗೋಣಿಗೆ ನೀರು. ಗಾಳಿ ಕೊಟ್ಟರೆ ತೇವ ಹೋಗುತ್ತದೆ, ತೇವ ಹಿಡಿದರೆ ಗಾಳಿ ನಿಲ್ಲುತ್ತದೆ. ಈ ಹಗ್ಗಜಗ್ಗಾಟ ಕೊನೇತನಕ ಇದ್ದದ್ದೇ. ಎರಡರಲ್ಲಿ ಒಂದು ಬಿಡು ಅಂದರೆ ನಾನು ಗಾಳಿಯನ್ನು ಬಿಟ್ಟುಕೊಡುವುದಿಲ್ಲ. ತೇವ ಸ್ವಲ್ಪ ಕಮ್ಮಿ ಆದ ಅಣಬೆ ಅಂಚು ಒರಟಾಗಿದ್ದರೂ ಸಾರಿಗೆ ಆಗುತ್ತದೆ.

ಗಾಳಿಗಂಡಿಗೂ ಕಿಟಕಿಗೂ 40 ಮೆಶ್‌ನ, ಅಂದರೆ ಇಂಚಿಗೆ 40 ಕಣ್ಣಿನ, ಸಣ್ಣ ಬಲೆ ಹೊಡೆಯಿರಿ. ಸಾದಾ ಸೊಳ್ಳೆಪರದೆಯಲ್ಲಿ ಅಣಬೆ ನೊಣ ನುಸುಳುತ್ತದೆ. ಅದರ ಹುಳ ಎಳೆಯನ್ನೂ ತಿನ್ನುತ್ತದೆ, ಮೊಗ್ಗನ್ನೂ ತಿನ್ನುತ್ತದೆ.

ಹಾವೇರಿ, ಹಾನಗಲ್

ಎಲ್ಲರೂ ಕೋಣೆಯ ಬಗ್ಗೆನೇ ಹೇಳಿದಿರಿ. ಮೊದಲ ಸಲ ಕೆಡುವುದು ಬಹುಪಾಲು ಹುಲ್ಲಿನಲ್ಲಿ ರೀ. ನಮ್ಮಲ್ಲಿ ಭತ್ತ ಇದೆ, ಹುಲ್ಲಿಗೆ ಬರ ಇಲ್ಲ. ಹುಬ್ಬಳ್ಳಿಯವರಿಗೆ ಕಲಘಟಗಿ ಕಡೆ ಸಿಗುತ್ತದೆ. ಈ ವರ್ಷದ್ದೇ ಹುಲ್ಲು ಬೇಕು, ಬಂಗಾರದ ಬಣ್ಣ ಇರಬೇಕು. ಬಣವೆಯಲ್ಲಿ ಮಳೆಗೆ ನೆಂದು ಕಪ್ಪಾದದ್ದು ಪುಕ್ಕಟೆ ಕೊಟ್ಟರೂ ಬೇಡ.

ಎರಡು ಇಂಚಿನಷ್ಟು ಕತ್ತರಿಸಿ. ರಾತ್ರಿಯೆಲ್ಲ ನೀರಲ್ಲಿ ನೆನೆಸಿ. ಬೆಳಿಗ್ಗೆ ಬಸಿದು 80 ಡಿಗ್ರಿಯ ಬಿಸಿನೀರಲ್ಲಿ ಒಂದು ತಾಸು ಇಡಿ. ಆಮೇಲೆ ತೊಳೆದ ನೆಲದ ಮೇಲೆ ನೆರಳಲ್ಲಿ ಹರಡಿ. ಯಾವಾಗ ತುಂಬಬೇಕು ಅಂದರೆ, ಒಂದು ಹಿಡಿ ಹುಲ್ಲು ತೆಗೆದುಕೊಂಡು ಜೋರಾಗಿ ಹಿಂಡಿ. ಅಂಗೈ ತೇವ ಆಗಬೇಕು, ಹನಿ ಬೀಳಬಾರದು. ಹನಿ ಬಿದ್ದರೆ ಇನ್ನೂ ಕಾಯಿರಿ. ಇಲ್ಲಿ ಅವಸರ ಮಾಡಿದ ಚೀಲದ ತಳದಲ್ಲಿ ನೀರು ನಿಂತು ಕೊಳೆತ ವಾಸನೆ ಬರುವುದು ಖಂಡಿತ.

ಕೆಲವರು ಬಿಸಿನೀರಿನ ಬದಲು ಕಾರ್ಬೆಂಡಾಜಿಮ್, ಫಾರ್ಮಲಿನ್ ಅನ್ನುವ ರಾಸಾಯನಿಕ ಹಾಕಿದ ನೀರಲ್ಲಿ ನೆನೆಸುತ್ತಾರೆ. ಚೀಲ ನೂರಾರು ಇದ್ದಾಗ ಸೌದೆ ಉಳಿಯುತ್ತದೆ, ನಿಜ. ಮನೆಯವರು ತಿನ್ನುವ ನಾಲ್ಕು ಚೀಲಕ್ಕೆ ಆ ಘಾಟು ಯಾಕೆ? ಹಂಡೆ ಇದೆ, ಒಲೆ ಇದೆ.

ಒಂದು ಕೆಜಿ ಒಣ ಹುಲ್ಲಿಗೆ 100 ಗ್ರಾಂ ಬೀಜ ಲೆಕ್ಕ. ಒಂದು ಪದರ ಹುಲ್ಲು, ಅಂಚಿಗೆ ಒಂದಿಷ್ಟು ಬೀಜ, ಮತ್ತೆ ಹುಲ್ಲು. ಕೈಯಿಂದ ಒತ್ತಿ ತುಂಬಿ, ಸಡಿಲ ಬೇಡ. ಬಾಯಿ ಕಟ್ಟಿ ಸುತ್ತಲೂ ಹದಿನೈದಿಪ್ಪತ್ತು ತೂತು ಮಾಡಿ. ಎಲ್ಲ ಸರಿ ಹೋದರೆ ಒಂದು ಕೆಜಿ ಒಣ ಹುಲ್ಲಿಗೆ ಮೂರು ಕಟಾವು ಸೇರಿ 500ರಿಂದ 700 ಗ್ರಾಂ ಹಸಿ ಅಣಬೆ ಬರುತ್ತದೆ. ಇದಕ್ಕಿಂತ ಎರಡು ಪಟ್ಟು ಹೇಳುವವರು ಬೀಜ ಮಾರುವವರೇ ಇರಬೇಕು.

ಧಾರವಾಡ, ಸಪ್ತಾಪುರ

ಬೀಜದ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ಬೀಜ ಅಂದರೆ ಬೇಯಿಸಿದ ಜೋಳ ಇಲ್ಲವೇ ಗೋಧಿ ಕಾಳಿನ ಮೇಲೆ ಬೆಳೆಸಿದ ಎಳೆ. ಕಾಳೆಲ್ಲ ಬೆಳ್ಳಗಿರಬೇಕು. ಹಸಿರು ಚುಕ್ಕೆ, ಹುಳಿ ವಾಸನೆ ಇದ್ದರೆ ವಾಪಸ್ ಕೊಡಿ. ಕೊರಿಯರ್‌ನಲ್ಲಿ ಬೇಸಿಗೆಯ ಬಿಸಿ ಲಾರಿಯಲ್ಲಿ ದಿನಗಟ್ಟಲೆ ಕೂತು ಬಂದ ಬೀಜ ನೋಡಲು ಚೆನ್ನಾಗಿದ್ದರೂ ಏಳುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹತ್ತಿರವೇ ಇದೆ. ಗದಗಿನವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರ ಇವೆ. ತರಬೇತಿ ಯಾವಾಗ, ಬೀಜ ಎಲ್ಲಿ ಸಿಗುತ್ತದೆ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗಿ. ಬೆಂಗಳೂರಿಗೆ ಹೋಗುವವರಿದ್ದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲೂ ಅಣಬೆ ವಿಭಾಗ ಇದೆ.

"ಕಿಟ್ ನಮ್ಮದು, ಬೆಳೆದದ್ದೆಲ್ಲ ನಾವೇ ಕೊಳ್ಳುತ್ತೇವೆ" ಅನ್ನುವವರಿಗೆ ಮುಂಗಡ ಕೊಡಬೇಡಿ. ನಮ್ಮ ಓಣಿಯಲ್ಲಿ ಕೊಟ್ಟವರಿದ್ದಾರೆ. ಕೊಳ್ಳುವವರ ಫೋನು ಈಗ ಹತ್ತುವುದಿಲ್ಲ.

ಹುಬ್ಬಳ್ಳಿ, ಕೇಶ್ವಾಪುರ

ಅತ್ತೆಯವರ ದಮ್ಮಿನ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ಆದರೆ ನನಗೆ ಅದೇ ಮೊದಲು ಕಾಣಿಸಿತು.

ಚಿಪ್ಪಣಬೆ ಬಲಿತಾಗ ಟೋಪಿಯ ಅಡಿಯಿಂದ ಬಿಳಿ ಪುಡಿ ಉದುರುತ್ತದೆ. ಅದು ಅದರ ಬೀಜಕಣ, ಲಕ್ಷಗಟ್ಟಲೆ ಗಾಳಿಗೆ ಸೇರುತ್ತದೆ. ಅಣಬೆ ಕೋಣೆಯಲ್ಲಿ ದಿನಾ ಕೆಲಸ ಮಾಡುವವರಿಗೆ ಕೆಮ್ಮು, ಜ್ವರ, ಉಸಿರು ಕಟ್ಟುವುದು ಆಗುವುದುಂಟು, ಕೆಲವರಿಗೆ ಶ್ವಾಸಕೋಶಕ್ಕೇ ಕೂರುತ್ತದೆ. ಗಟ್ಟಿಮುಟ್ಟಾದವರಿಗೇ ಹೀಗೆ. ದಮ್ಮು ಇದ್ದವರನ್ನು ಆ ಕೋಣೆಯ ಬಾಗಿಲಿಗೂ ಬಿಡಬೇಡಿ. ಎಕ್ಸಾಸ್ಟ್ ಫ್ಯಾನಿನ ಬಾಯಿ ಅವರು ಮಲಗುವ ಕೋಣೆಯ ಕಡೆಗಾಗಲಿ ಮೆಟ್ಟಿಲ ಕಡೆಗಾಗಲಿ ಇರಬಾರದು, ಬಯಲ ಕಡೆ ಇರಲಿ. ನೀವು ಒಳಗೆ ಹೋಗುವಾಗ ಎನ್-95 ಮಾಸ್ಕ್ ಹಾಕಿ. ಹೊರಗೆ ಬಂದ ಮೇಲೆ ಬಟ್ಟೆ ಬದಲಿಸಿ ಅವರ ಹತ್ತಿರ ಹೋಗಿ. ಶುರು ಮಾಡುವ ಮೊದಲೇ ಅವರ ಡಾಕ್ಟರಿಗೆ ಒಂದು ಮಾತು ಕೇಳಿ. ಬೇಡ ಅಂದರೆ ಬೇಡ, ಕೋಣೆ ಬೇರೆ ಕಡೆ ಹುಡುಕಿ.

ಬೇಗ ಕೊಯ್ಯುವುದು ದೊಡ್ಡ ಉಪಾಯ. ಟೋಪಿಯ ಅಂಚು ಇನ್ನೂ ಕೆಳಗೆ ಬಾಗಿರುವಾಗಲೇ ಬುಡ ಹಿಡಿದು ತಿರುಚಿ ತೆಗೆಯಿರಿ. ಅಂಚು ಮೇಲೆದ್ದ ಮೇಲೆ ಪುಡಿ ಶುರು, ರುಚಿಯೂ ಕಡಿಮೆ.

ಕೇಳಿದವರು: ಹುಬ್ಬಳ್ಳಿ, ವಿದ್ಯಾನಗರ

ಎಲ್ಲರಿಗೂ ಧನ್ಯವಾದ. ಪುಡಿಯ ವಿಷಯ ಗೊತ್ತೇ ಇರಲಿಲ್ಲ. ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇವೆ. ಅವರು ಬೇಡ ಅಂದರೆ ತವರಿನಲ್ಲಿ, ಕುಂದಗೋಳದಲ್ಲಿ, ಹಿತ್ತಿಲ ಕೋಣೆ ಇದೆ. ಏಪ್ರಿಲ್ ಬಿಟ್ಟೆ, ಮಳೆಗಾಲಕ್ಕೇ ಮಾಡುತ್ತೇನೆ. ಇನ್ನೊಂದು ಕೇಳಬೇಕು. ಚೀಲದಲ್ಲಿ ಹಸಿರು ಬೂಷ್ಟು ಬಂದರೆ ಆ ಭಾಗ ಕತ್ತರಿಸಿ ತೆಗೆದರೆ ಸಾಕಾ? ಕುಂದಗೋಳದಲ್ಲಿ ಭತ್ತದ ಹುಲ್ಲು ಸಿಗದಿದ್ದರೆ ಜೋಳದ ಕಣಿಕೆ ನಡೆಯುತ್ತದಾ?

ಹಾವೇರಿ, ಹಾನಗಲ್

ಹಸಿರು ಕಂಡ ಚೀಲ ಬಿಚ್ಚಬೇಡಿ, ಕತ್ತರಿಸಲೂ ಬೇಡಿ. ಅಲುಗಿಸದೆ ಎತ್ತಿಕೊಂಡು ಹೋಗಿ ದೂರ ಹೂಳಿ. ಕೋಣೆಯಲ್ಲಿ ಬಿಚ್ಚಿದರೆ ಆ ಬೂಷ್ಟಿನ ಪುಡಿ ಪಕ್ಕದ ಚೀಲಕ್ಕೆ ಕೂರುತ್ತದೆ. ಒಂದು ಎರಡು ಚೀಲಕ್ಕೆ ಬಂದರೆ ಮಾಮೂಲು. ಅರ್ಧಕ್ಕರ್ಧ ಬಂದರೆ ಹುಲ್ಲು ಸರಿಯಾಗಿ ಬೆಂದಿಲ್ಲ, ಇಲ್ಲವೇ ಬೀಜವೇ ಕೆಟ್ಟಿದೆ.

ಗದಗ, ಬೆಟಗೇರಿ

ಕಣಿಕೆ ನಡೆಯುತ್ತದೆ, ನಾವು ಮಾಡುವುದೇ ಅದರಲ್ಲಿ. ದಂಟು ಗಟ್ಟಿ ಇರುವುದರಿಂದ ಜಜ್ಜಿ ಸಣ್ಣಗೆ ಕತ್ತರಿಸಿ, ನೆನೆಸುವುದು ಸ್ವಲ್ಪ ಜಾಸ್ತಿ ಹೊತ್ತು. ಗೋಧಿ ಹುಲ್ಲೂ ಆಗುತ್ತದೆ. ಮೊದಲ ಸಲ ಹತ್ತು ಚೀಲದ ಮೇಲೆ ಹೋಗಬೇಡಿ ಅಕ್ಕಾ. ಅರ್ಧಕ್ಕೆ ಭತ್ತದ ಹುಲ್ಲು, ಅರ್ಧಕ್ಕೆ ಕಣಿಕೆ ತುಂಬಿ ಚೀಟಿ ಅಂಟಿಸಿ. ನಿಮ್ಮ ಕೋಣೆಗೆ ಯಾವುದು ಹೊಂದುತ್ತದೆ ಅಂತ ಮೊದಲ ಕಟಾವಿಗೇ ಗೊತ್ತಾಗುತ್ತದೆ. ಬೆಳೆ ಮುಗಿದ ಹುಲ್ಲನ್ನು ಎರೆಗೊಬ್ಬರದ ಗುಂಡಿಗೆ ಹಾಕಿ.