ಗಾಯಕರ ಪ್ರಚಾರ: ಖರ್ಚು ಯಾರ ಲೆಕ್ಕಕ್ಕೆ?

ಪ್ರಶ್ನೆ: ವಿರಾಜಪೇಟೆ ಕ್ಷೇತ್ರದ ನಮ್ಮ ಅಭ್ಯರ್ಥಿ ಪರವಾಗಿ ಗೋಣಿಕೊಪ್ಪದಲ್ಲಿ ಹಾಡಲು ಹೆಸರಾಂತ ಗಾಯಕರೊಬ್ಬರು ಬರ್ತಾರೆ. ಖರ್ಚು ಯಾರ ತಲೆಗೆ?

ಉತ್ತರ: ಪಕ್ಷದ ತಾರಾ ಪ್ರಚಾರಕರ ಪಟ್ಟಿಯಲ್ಲಿದ್ದರೆ (ಮಾನ್ಯತೆ ಪಡೆದ ಪಕ್ಷಕ್ಕೆ ಹೆಚ್ಚೆಂದರೆ 40 ಹೆಸರು) ಪ್ರಯಾಣವೆಚ್ಚ ಪಕ್ಷದ್ದು. ಆದರೆ ಅಭ್ಯರ್ಥಿಯೂ ಅದೇ ವೇದಿಕೆ ಹತ್ತಿದರೆ ಶಾಮಿಯಾನ, ಮೈಕ್‌ಸೆಟ್, ಕುರ್ಚಿ ಬಾಡಿಗೆ ಅಭ್ಯರ್ಥಿಯ 40 ಲಕ್ಷ ರೂಪಾಯಿ ಚುನಾವಣಾ ವೆಚ್ಚದ ಮಿತಿಗೆ ಸೇರುತ್ತೆ. ಹೆಚ್ಚಿನವರು ಎಡವೋದು ಇಲ್ಲೇ.

ಉತ್ತರ: ದಿನಾಂಕವನ್ನೂ ನೋಡ್ಕೊಳ್ಳಿ ಸಾರ್. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಪ್ರಚಾರದ ಸಂಗೀತ ಕಾರ್ಯಕ್ರಮ ನಿಷಿದ್ಧ. ಜನಪ್ರತಿನಿಧಿ ಕಾಯ್ದೆಯ 126ನೇ ಕಲಂ, ಎರಡು ವರ್ಷದವರೆಗೆ ಜೈಲು. ರಾತ್ರಿ 10ಕ್ಕೆ ಮೈಕ್ ಬಂದ್. ಅನುಮತಿಗೆ ಚುನಾವಣಾ ಆಯೋಗದ ‘ಸುವಿಧಾ’ ಜಾಲತಾಣದಲ್ಲಿ ಮೊದಲೇ ಅರ್ಜಿ ಹಾಕಿ.

ಉತ್ತರ: ಜನ ಸೇರೋದೇ ಬೇರೆ, ಮತ ಬೀಳೋದೇ ಬೇರೆ. 2024ರ ಅಮೆರಿಕ ಅಧ್ಯಕ್ಷೀಯ ಚುನಾವಣೆ ವೇಳೆ ಅಲ್ಲಿನ ಗಾಯಕಿ ಟೇಲರ್ ಸ್ವಿಫ್ಟ್ ಹಾಕಿದ ಮತದಾರರ ಮಾಹಿತಿಯ ಲಿಂಕನ್ನು ಒಂದೇ ದಿನದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಒತ್ತಿದರು. ಅವರು ಬೆಂಬಲಿಸಿದ ಕಮಲಾ ಹ್ಯಾರಿಸ್ ಸೋತರು.