ಹೊಕ್ಕುಳದ ಲೈನ್ ಇರುವ ಕೂಸು: ರಾತ್ರಿ ಪಾಳಿಯಲ್ಲಿ ಏನೇನು ನೋಡುತ್ತೀರಿ?

ಕೇಳಿದವರು (ಸ್ಟಾಫ್ ನರ್ಸ್, ಶಿವಮೊಗ್ಗ): ಎನ್‌ಐಸಿಯುಗೆ (ಹುಟ್ಟಿದ ಕೂಸುಗಳ ತೀವ್ರ ನಿಗಾ ಘಟಕ) ಬಂದು ಮೂರು ವಾರ ಆಯ್ತು. 900 ಗ್ರಾಂ ಕೂಸಿಗೆ ಹೊಕ್ಕುಳದಲ್ಲಿ ಎರಡು ಲೈನ್ (ರಕ್ತನಾಳಕ್ಕೆ ಇಳಿಸಿದ ಸಣ್ಣ ನಳಿಕೆ) ಇವೆ, ಆರ್ಟರಿಗೊಂದು (ಅಪಧಮನಿ), ವೇನ್‌ಗೊಂದು (ಅಭಿಧಮನಿ). ಮುಟ್ಟಲು ಕೈ ನಡುಗುತ್ತದೆ. ಅನುಭವ ಇದ್ದವರು ಹೇಳಿ.

ಸೀನಿಯರ್ ಸಿಸ್ಟರ್, ಶಿವಮೊಗ್ಗ: ಮೊದಲು ಕಾಲ್ಬೆರಳು ನೋಡಮ್ಮ. ಆರ್ಟರಿ ಲೈನಿನಿಂದ ಕಾಲಿಗೆ ರಕ್ತ ಹೋಗುವುದು ತಡೆಯಬಹುದು. ನಾನು ಹೊಸಬಳಿದ್ದಾಗ ಒಬ್ಬರು ಅಜ್ಜಿ ಉಲ್ಲನ್ ಕಾಲುಚೀಲ ಹೆಣೆದು ಕಳಿಸಿದ್ದರು. ಜಡಿಮಳೆ, ಥಂಡಿ ಅಂತ ನಾನೇ ತೊಡಿಸಿದೆ. ಎರಡು ಗಂಟೆ ಬಿಟ್ಟು ತೆಗೆದರೆ ಎಡಗಾಲಿನ ಎರಡು ಬೆರಳು ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ! ಡಾಕ್ಟರ್ ತಕ್ಷಣ ಆರ್ಟರಿ ಲೈನ್ ತೆಗೆದರು. ಸಂಜೆಗೆ ಬಣ್ಣ ಮರಳಿತು, ನನಗೆ ಜೀವ ಬಂತು. ಅಲ್ಲಿಂದ ಆ ಲೈನ್ ಇರುವ ಕೂಸಿನ ಕಾಲು ಮುಚ್ಚುವುದಿಲ್ಲ. ಬಿಸಿಗೆ ವಾರ್ಮರ್ ಇದೆ, ಅಲ್ವಾ? ಡಯಾಪರ್ ಬಿಡಿಸಿ ಅಂಡನ್ನೂ ನೋಡು. ಬಿಳಿಚಿದರೂ ಕಪ್ಪಾದರೂ ಕೂಡಲೇ ಡಾಕ್ಟರನ್ನು ಕರೆ.

ಲೈನಿನ ಜೋಡಣೆಗಳು ಬಟ್ಟೆಯಡಿ ಸೇರಬಾರದು. ಆ ಕೂಸಿನ ಮೈಯಲ್ಲಿ ಇರುವ ರಕ್ತವೆಲ್ಲ ಸೇರಿ 80–90 ಎಂ.ಎಲ್., ಒಂದು ಬೈಟು ಕಾಫಿಯಷ್ಟು. ಆರ್ಟರಿ ಲೈನ್ ಕಳಚಿಕೊಂಡರೆ ಅದೆಲ್ಲ ಹರಿದುಹೋಗಲು ಎಷ್ಟು ಹೊತ್ತು ಬೇಕು ಹೇಳು. ಆ ಲೈನಿಗೆ ದೊಡ್ಡದಾಗಿ ಲೇಬಲ್ ಹಚ್ಚು, ಔಷಧಿ ತಪ್ಪಿ ಅದರಲ್ಲಿ ಹೋಗಬಾರದು. ಹಬ್ (ಸಿರಿಂಜ್ ಜೋಡಿಸುವ ಲೈನಿನ ತುದಿ) ಮುಟ್ಟುವ ಮುಂಚೆ ಸ್ಪಿರಿಟ್‌ನಲ್ಲಿ 15 ಸೆಕೆಂಡ್ ಉಜ್ಜಿ ಒಣಗಲು ಬಿಡು. ಸುಮ್ನೆ ಒರೆಸಿದರೆ ಸಾಲದು.

ಮಕ್ಕಳ ಡಾಕ್ಟರ್, ಸಾಗರ: ಎಕ್ಸ್‌ರೇಯಲ್ಲಿ ತುದಿ ಎಲ್ಲಿದೆ ಅಂತ ನೀವೂ ನೋಡಿ. ಆರ್ಟರಿ ಲೈನ್ ಮೇಲಕ್ಕೆ ಹಾಕಿದ್ದರೆ ತುದಿ ಎದೆಯ 6ರಿಂದ 9ನೇ ಬೆನ್ನುಮೂಳೆಯ ಮಟ್ಟದಲ್ಲಿರಬೇಕು. ವೇನ್ ಲೈನಿನದು ಹೃದಯದ ಹೊಸ್ತಿಲಲ್ಲಿ. ಲಿವರ್ ಕಡೆ ತಿರುಗಿದರೆ ಗಟ್ಟಿ ಡ್ರಿಪ್ ಲಿವರನ್ನೇ ಕೆಡಿಸುತ್ತದೆ. ಜಾಸ್ತಿ ಒಳಗೆ ಹೋದರೆ ಹೃದಯದ ಸುತ್ತ ನೀರು ತುಂಬಬಹುದು. ಚೆನ್ನಾಗಿದ್ದ ಕೂಸು ಏಕಾಏಕಿ ಕುಸಿದರೆ ಇದು ತಲೆಯಲ್ಲಿರಲಿ. ನಾವು ಆರ್ಟರಿ ಲೈನ್ 5 ದಿನ, ವೇನ್ ಲೈನ್ 7 ದಿನದೊಳಗೆ ತೆಗೆಯಲು ನೋಡುತ್ತೇವೆ. ಮುಂದೆ ಬೇಕಿದ್ದರೆ ಪಿಕ್ ಲೈನ್ (ಕೈ ಅಥವಾ ಕಾಲಿನ ರಕ್ತನಾಳದಿಂದ ಹಾಕುವ ಉದ್ದ ಲೈನ್).

ಆಂಬುಲೆನ್ಸ್ ನರ್ಸ್, ತೀರ್ಥಹಳ್ಳಿ: ಮಣಿಪಾಲಕ್ಕೆ ಕೂಸು ಒಯ್ಯುವಾಗ ಆಗುಂಬೆಯಲ್ಲಿ ಗಾಡಿ ನಿಲ್ಲಿಸಿ ಟೇಪ್ ಮತ್ತೆ ನೋಡುತ್ತೇನೆ. ಮುಂದೆ 14 ಹೇರ್‌ಪಿನ್ ತಿರುವು. ಗೋಲ್‌ಪೋಸ್ಟ್ ತರ ಟೇಪ್ ಕಟ್ಟಿದರೆ ಲೈನ್ ಜಗ್ಗುವುದಿಲ್ಲ. ಲೈನ್ ಎಷ್ಟು ಸೆಂಟಿಮೀಟರ್ ಗುರುತಿನಲ್ಲಿದೆ ಅಂತ ಹೊರಡುವಾಗಲೇ ಬರೆದುಕೊಳ್ಳಿ.

ಒಬ್ಬ ತಾಯಿ, ಹೊಸನಗರ: ಬರಿಗಾಲು ನೋಡಿ ನಮ್ಮತ್ತೆ ಸಿಸ್ಟರ್ ಜೊತೆ ಜಗಳ ಆಡಿದ್ದರು. ಕಾರಣ ನನಗೆ ಇವತ್ತು ಗೊತ್ತಾಯ್ತು. ಅವತ್ತೇ ಯಾರಾದರೂ ಹೇಳಿದ್ದರೆ ಅತ್ತೆಯೇ ಪಕ್ಕದಲ್ಲಿ ಕೂತು ಬೆರಳು ಕಾಯುತ್ತಿದ್ದರು.